ಪುನರ್ಪುಳಿಯ ಕೆಂಪಿನಲ್ಲಿ ಏನಿದೆ

ರಾತ್ರಿ ನೀರಿಗೆ ಹಾಕಿಟ್ಟ ನಾಲ್ಕು ಪುನರ್ಪುಳಿ ಸಿಪ್ಪೆ ಬೆಳಗಾಗುವಷ್ಟರಲ್ಲಿ ಏನು ಮಾಡಿರುತ್ತದೆಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಒಣಗಿ, ಕಪ್ಪಿಟ್ಟು, ಉಪ್ಪು ಹಿಡಿದು ಮುದುರಿಕೊಂಡಿದ್ದ ಸಿಪ್ಪೆ ಮೆಲ್ಲಗೆ ಅರಳಿರುತ್ತದೆ. ಪಾತ್ರೆಯ ನೀರೆಲ್ಲ ಕೆಂಪಾಗಿರುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಬೆಳಗಿನ ಆರು ಗಂಟೆಗೇ ಮೈ ಬೆವರುತ್ತದೆ. ಆ ಹೊತ್ತಿಗೆ ಚೆಂಬೂರಿನ ಎಷ್ಟೋ ಅಡುಗೆಮನೆಗಳಲ್ಲಿ ಈ ಕೆಂಪು ನೀರು ತಯಾರಾಗಿ ಕೂತಿರುತ್ತದೆ. ಮರಾಠಿಗರಿಗೆ ಅದು ಕೋಕಂ, ಕೊಂಕಣಿಗರಿಗೆ ಬಿರಿಂಡಾ, ಶಿರಸಿ ಕಡೆಯಿಂದ ಬಂದವರಿಗೆ ಮುರುಗಲು, ನಮ್ಮ ಮಂಗಳೂರು ಉಡುಪಿಯವರಿಗೆ ಪುನರ್ಪುಳಿ. ಮಧ್ಯಾಹ್ನ ಒಂದು ಮನೆಯಲ್ಲಿ ಅದು ತೆಂಗಿನ ಹಾಲು ಸೇರಿ ಸೋಲ್‌ಕಢಿಯಾಗುತ್ತದೆ, ಇನ್ನೊಂದು ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಸಾರಾಗುತ್ತದೆ.

ಆ ಕೆಂಪಿನೊಳಗೆ ಏನಿದೆ ಎಂದು ಕೇಳಿ, ಅಳೆದು ನೋಡಿದವರು ಇಲ್ಲಿಂದ ಬಹಳ ದೂರದವರಲ್ಲ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಟಿ. ಪಿ. ಎ. ದೇವಸಗಾಯಂ ಮತ್ತು ಅವರ ಸಂಗಡಿಗರು ಪುನರ್ಪುಳಿಯ ಆಂಟಿಆಕ್ಸಿಡೆಂಟ್ ಗುಣವನ್ನು ಪರೀಕ್ಷಿಸಿ, 2006ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪರಮಾಣು ಕೇಂದ್ರಕ್ಕೂ ಪುನರ್ಪುಳಿಗೂ ಎಲ್ಲಿಯ ನಂಟು ಎನ್ನಿಸಬಹುದು. ವಿಕಿರಣ ಜೀವಕೋಶವನ್ನು ಹೊಕ್ಕಾಗ ಅಲ್ಲಿರುವ ನೀರಿನ ಅಣುಗಳನ್ನೇ ಒಡೆಯುತ್ತದೆ. ಒಡೆದಾಗ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳಿಗೆ ಒಂದು ಎಲೆಕ್ಟ್ರಾನಿನ ಕೊರತೆ. ಆ ಕೊರತೆ ತುಂಬಿಕೊಳ್ಳಲು ಅವು ಪಕ್ಕದಲ್ಲಿ ಸಿಕ್ಕಿದ್ದಕ್ಕೆ ಕೈ ಹಾಕುತ್ತವೆ, ಅದು ಕೊಬ್ಬಾಗಿರಲಿ, ಪ್ರೋಟೀನಾಗಿರಲಿ, ಡಿಎನ್‌ಎಯೇ ಆಗಿರಲಿ. ವಿಕಿರಣದ ಹಾನಿಯಲ್ಲಿ ದೊಡ್ಡ ಪಾಲು ಹೀಗೆ ಆಗುವಂಥದ್ದು. ಹಾಗಾಗಿ ಇವುಗಳನ್ನು ತಣಿಸುವ ವಸ್ತುಗಳ, ಅಂದರೆ ಆಂಟಿಆಕ್ಸಿಡೆಂಟುಗಳ, ಹುಡುಕಾಟ ಅಂಥ ಜಾಗದಲ್ಲಿ ನಡೆಯುವುದು ಸಹಜವೇ.

ಆ ಪ್ರಬಂಧದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಫಲಿತಾಂಶಕ್ಕಿಂತ ಮೊದಲು ಅವರು ಪರೀಕ್ಷೆಗೆ ಏನನ್ನು ಎತ್ತಿಕೊಂಡರು ಎಂಬುದು. ಸಾಮಾನ್ಯವಾಗಿ ಲ್ಯಾಬಿನಲ್ಲಿ ಗಿಡದ ಪುಡಿಯನ್ನು ಹೆಕ್ಸೇನ್, ಕ್ಲೋರೊಫಾರ್ಮ್, ಮೆಥನಾಲ್ ಎಂದು ಒಂದಾದ ಮೇಲೊಂದು ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಮೆಥನಾಲ್‌ನಲ್ಲಿ ಇಳಿದದ್ದು ಒಳ್ಳೆಯ ಅಂಕ ತೋರಿಸುತ್ತದೆ, ನಿಜ. ಆದರೆ ಮೆಥನಾಲ್‌ನಲ್ಲಿ ಯಾರೂ ಸಾರು ಮಾಡುವುದಿಲ್ಲ. ಟ್ರಾಂಬೆಯವರು ತಣ್ಣೀರಲ್ಲಿ ನೆನೆಸಿದ ಪುನರ್ಪುಳಿ, ಕುದಿಸಿದ ಪುನರ್ಪುಳಿ ಮತ್ತು ಸಿರಪ್ಪು, ಈ ಮೂರನ್ನು ಎತ್ತಿಕೊಂಡರು. ಅಂದರೆ ಪಿತ್ತಕ್ಕೆಂದು ಅಜ್ಜಿ ನೆನೆಸುತ್ತಿದ್ದ ರೀತಿ, ಅಡುಗೆಗೆ ತಾಯಿ ಕುದಿಸುತ್ತಿದ್ದ ರೀತಿ, ಬೇಸಗೆಯಲ್ಲಿ ಬಂದವರಿಗೆ ಲೋಟದಲ್ಲಿ ಕೊಡುವ ರೀತಿ. ಒಂದೇ ಪರೀಕ್ಷೆಯನ್ನು ನಂಬಿ ಕೂರದೆ ಹಲವು ಬಗೆಯಲ್ಲಿ ನೋಡಿದರು: ಕಬ್ಬಿಣದ ಅಯಾನುಗಳನ್ನು ಬದಲಿಸುವ ಶಕ್ತಿ ಎಷ್ಟು, ಬೇಕೆಂದೇ ಹುಟ್ಟಿಸಿದ ರ‍್ಯಾಡಿಕಲ್‌ಗಳನ್ನು ತಣಿಸುವ ಶಕ್ತಿ ಎಷ್ಟು, ಜೀವಕೋಶದ ಪೊರೆಯಲ್ಲಿರುವಂಥ ಕೊಬ್ಬು ಕೆಡದಂತೆ ಎಷ್ಟು ತಡೆಯುತ್ತದೆ. ಮೂರೂ ರೂಪಗಳಲ್ಲಿ ಗಣನೀಯ ಗುಣ ಕಂಡಿತು. ಅಡುಗೆಮನೆ ಕೇಳಬಹುದಾದ ಪ್ರಶ್ನೆಯನ್ನೇ ಲ್ಯಾಬು ಕೇಳಿತಲ್ಲ, ಅದನ್ನು ನಾನು ವಿಜ್ಞಾನದ ಒಳ್ಳೆಯ ನಡತೆ ಎನ್ನುತ್ತೇನೆ.

ಗಿಡದೊಳಗೆ ಏನಿದೆ ಎನ್ನುವುದಕ್ಕೆ ಮೊದಲು ಇದು ಯಾವ ಗಿಡ ಎನ್ನುವುದು ಗೊತ್ತಾಗಬೇಕು. ಪೇಟೆಯಲ್ಲಿ ಒಣಗಿದ ಹುಳಿಸಿಪ್ಪೆ ಕೊಂಡರೆ ಪುನರ್ಪುಳಿಯನ್ನೂ ಅದರ ದಾಯಾದಿ ಉಪ್ಪಾಗೆಯನ್ನೂ ಬೇರೆ ಮಾಡುವುದು ಹೊಸಬರಿಗೆ ಕಷ್ಟ. ಮರದಲ್ಲಿರುವಾಗ ಅನುಮಾನವೇ ಇಲ್ಲ: ಒಂದು ನುಣ್ಣಗೆ ಗುಂಡಗಿನ ಕಡುಗೆಂಪು ಹಣ್ಣು, ಇನ್ನೊಂದು ಏಣುಏಣಾದ ಹಳದಿ ಹಣ್ಣು. ಒಣಗಿದ ಮೇಲೆ ಎರಡೂ ಕಪ್ಪು. ಮುಂಬಯಿಯಲ್ಲಿ ಗಿಡಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳು ಈ ಕಾರಣಕ್ಕೇ ಮೊದಲು ಧೋಬಿ ತಲಾವ್ ಹತ್ತಿರದ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂಗೆ ಹೋಗುತ್ತಾರೆ. ಸ್ವಿಟ್ಜರ್ಲೆಂಡಿನಿಂದ ಬಂದ ಜೆಸ್ಯೂಟ್ ಪಾದ್ರಿ ಎಥೆಲ್‌ಬರ್ಟ್ ಬ್ಲಾಟರ್ ಅವರ ಹೆಸರು ಹೊತ್ತ ಈ ಸಂಗ್ರಹ 1906ರದ್ದು. ಎಲೆ, ಹೂ, ಕಾಯಿ ಸಮೇತ ಒಂದು ರೆಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ ಒಯ್ದರೆ, ಅಲ್ಲಿನವರು ಹಳೆಯ ಮಾದರಿಗಳ ಪಕ್ಕದಲ್ಲಿಟ್ಟು ನೋಡಿ ಗಿಡದ ಹೆಸರನ್ನು ಖಚಿತಪಡಿಸುತ್ತಾರೆ. ನೂರು ವರ್ಷದ ಹಿಂದೆ ಯಾರೋ ಘಟ್ಟದಲ್ಲಿ ಮುರಿದ ರೆಂಬೆ, ನಿನ್ನೆ ಯಾರೋ ಮುರಿದ ರೆಂಬೆಗೆ ಸಾಕ್ಷಿ ಹೇಳುತ್ತದೆ. ಯಂತ್ರಗಳ ಮುಂದೆ ಕೂರುವ ಅವಸರದಲ್ಲಿ ಈ ಹೆಜ್ಜೆಯನ್ನು ಹಾರಿಸಿದರೆ ಮುಂದಿನ ಲೆಕ್ಕವೆಲ್ಲ ಯಾವ ಗಿಡದ್ದೋ ಆಗಿಬಿಡುತ್ತದೆ.

ಒಳಗಿರುವುದರ ಪರಿಚಯ ಮಾಡಿಕೊಟ್ಟವರಲ್ಲಿ ಮೈಸೂರಿನವರದು ದೊಡ್ಡ ಪಾಲು. ಚೆಲುವಾಂಬ ವಿಲಾಸದಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾದದ್ದು 1950ರಲ್ಲಿ. ಉಪ್ಪಾಗೆಯ ಹುಳಿಗೆ ಕಾರಣ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲ ಎಂದು ಅದಕ್ಕೂ ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ನಿಂಬೆ ಹುಳಿ ಸಿಟ್ರಿಕ್‌ನಿಂದ, ಹುಣಸೆ ಹುಳಿ ಟಾರ್ಟಾರಿಕ್‌ನಿಂದ, ಆದ್ದರಿಂದ ಇದೂ ಹಾಗೇ ಇರಬೇಕೆಂಬ ಅಂದಾಜು. 1965ರಲ್ಲಿ ಅಲ್ಲಿನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಉಪ್ಪಾಗೆಯ ಆಮ್ಲವನ್ನು ಬೇರ್ಪಡಿಸಿ ನೋಡಿ, ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಪುನರ್ಪುಳಿಯ ಹುಳಿಗೂ ಅದೇ ಮುಖ್ಯ ಕಾರಣ. 1981ರಲ್ಲಿ ಎನ್. ಕೃಷ್ಣಮೂರ್ತಿ, ಲೂಯಿಸ್ ಮತ್ತು ಬಿ. ರವೀಂದ್ರನಾಥ್ ಪುನರ್ಪುಳಿ ಸಿಪ್ಪೆಯಲ್ಲಿರುವ ಹಳದಿ ವಸ್ತು ಗಾರ್ಸಿನಾಲ್‌ನ ರಚನೆಯನ್ನು ಪ್ರಕಟಿಸಿದರು. ಒಂದು ಅಣುವಿನಲ್ಲಿ 38 ಕಾರ್ಬನ್, 50 ಹೈಡ್ರೋಜನ್, 6 ಆಮ್ಲಜನಕ. ಕೆಂಪು ಬಣ್ಣದ್ದು ಬೇರೆ ಕುಲ: ಆಂಥೋಸಯನಿನ್‌ಗಳು. ಸಯನಿಡಿನ್ ಎಂಬ ಬಣ್ಣದ ಅಣುವಿಗೆ ಗ್ಲುಕೋಸ್ ಅಂಟಿಕೊಂಡದ್ದು ಒಂದು, ಸಾಂಬುಬಯೋಸ್ ಎಂಬ ಜೋಡಿ ಸಕ್ಕರೆ ಅಂಟಿಕೊಂಡದ್ದು ಇನ್ನೊಂದು, ಹೀಗೆ ಎರಡು ಬಗೆ.

ಈ ಮೂರರ ಸ್ವಭಾವ ಬೇರೆಬೇರೆ. ಬಣ್ಣ ಮತ್ತು ಹುಳಿ ನೀರಿಗೆ ಸಲೀಸಾಗಿ ಇಳಿಯುತ್ತವೆ. ಗಾರ್ಸಿನಾಲ್ ನೀರಿಗೆ ಒಲಿಯುವುದಿಲ್ಲ. ಎಣ್ಣೆ, ಕೊಬ್ಬು, ಆಲ್ಕೊಹಾಲ್ ಬೇಕು. 2000ದಲ್ಲಿ ಜಪಾನಿನ ಸಂಶೋಧಕರು ಗಾರ್ಸಿನಾಲ್‌ಗೆ ಒಳ್ಳೆಯ ಆಂಟಿಆಕ್ಸಿಡೆಂಟ್ ಗುಣವಿದೆಯೆಂದು ತೋರಿಸಿದರು. ಆದರೆ ನೆನೆಸಿದ ನೀರನ್ನು ಬಸಿದು ಸಿಪ್ಪೆ ಎಸೆಯುವ ಮನೆಗಳಲ್ಲಿ ಅದರ ಬಹುಪಾಲು ಸಿಪ್ಪೆಯ ಜೊತೆಗೇ ಕಸದ ಬುಟ್ಟಿಗೆ ಹೋಗುತ್ತದೆ.

ಕೆಂಪಿನ ಗುಣ ನೋಡಲು ಲ್ಯಾಬು ಬೇಕಿಲ್ಲ. ಶರಬತ್ತು ಕುಡಿದ ಲೋಟವನ್ನು ತೊಳೆಯುವಾಗ ಗಮನಿಸಿ. ತಳದಲ್ಲಿ ಉಳಿದ ಕೆಂಪು ಹನಿಗೆ ಸೋಪಿನ ನೊರೆ ತಾಗಿದ ಕ್ಷಣವೇ ಅದು ನೇರಳೆಗೆ, ಅಲ್ಲಿಂದ ಮಾಸಲು ನೀಲಿಗೆ ತಿರುಗುತ್ತದೆ. ಹುಳಿ ಇದ್ದಾಗ ಬಣ್ಣದ ಅಣುವಿಗೆ ಒಂದು ಆಕಾರ, ಕ್ಷಾರ ತಾಗಿದಾಗ ಇನ್ನೊಂದು ಆಕಾರ. ಆಕಾರ ಬದಲಾದಂತೆ ಅಣು ಹೀರುವ ಬೆಳಕೂ ಬದಲಾಗುತ್ತದೆ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಲಿಟ್ಮಸ್ ಕಾಗದಕ್ಕೆ ಮೊದಲು ನಾನು ಹುಡುಗರಿಗೆ ತೋರಿಸುತ್ತಿದ್ದದ್ದು ಇದನ್ನೇ. ಸಿರಪ್ಪಿಗೆ ಬೆರೆಸುವ ಕೃತಕ ಕೆಂಪು ಬಣ್ಣ ಒಂದು ಚಿಟಿಕೆ ಅಡುಗೆ ಸೋಡಾಕ್ಕೆ ಹೀಗೆ ಮಣಿಯುವುದಿಲ್ಲ. ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಅದು.

ಮರ ಇದನ್ನೆಲ್ಲ ನಮಗಾಗಿ ಮಾಡಿದ್ದಲ್ಲ. ಈ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಗಾಳಿಯಲ್ಲಿ ಆಮ್ಲಜನಕ ನೆಲೆಯಾಗತೊಡಗಿ ಸುಮಾರು 240 ಕೋಟಿ ವರ್ಷ. ಅದು ಬಂದದ್ದು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಜೀವಿಗಳಿಂದ. ಉಸಿರು ಕೊಡುವ ಆಮ್ಲಜನಕವೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತೆಂಗಿನೆಣ್ಣೆಯನ್ನು ಕಮಟು ಮಾಡುತ್ತದೆ. ಎಲೆಯ ಮಟ್ಟಿಗಂತೂ ಆಮ್ಲಜನಕ ಹುಟ್ಟುವುದು ತನ್ನ ಒಡಲೊಳಗೇ. ಸಹ್ಯಾದ್ರಿಯ ಬಿಸಿಲು ಹೆಚ್ಚಾದಾಗ, ಬಳಸಿ ಉಳಿದ ಬೆಳಕಿನ ಶಕ್ತಿ ಆಮ್ಲಜನಕಕ್ಕೆ ತಾಗಿ ಅದನ್ನು ಅಪಾಯದ ರೂಪಕ್ಕೆ ತಿರುಗಿಸುತ್ತದೆ. ಆದ್ದರಿಂದ ಗಿಡ ಕೆರೊಟಿನಾಯ್ಡ್, ಸಿ ಜೀವಸತ್ವ, ಫೀನಾಲ್‌ಗಳನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಓಡಲಾರದ ಜೀವ ನಿಂತಲ್ಲೇ ನಿಂತು ತನ್ನನ್ನು ಕಾಯ್ದುಕೊಳ್ಳುವ ಬಗೆ ಅದು. ಹಣ್ಣಿನ ಕೆಂಪು ಹಕ್ಕಿಯನ್ನೋ ಮಂಗವನ್ನೋ ಕರೆಯಲು. ಅವು ಬೀಜ ಒಯ್ಯಲಿ ಎಂದು ಮಾಡಿದ ಏರ್ಪಾಡಿನಲ್ಲಿ ನಾವು ಆಮೇಲೆ ಬಂದ ಅತಿಥಿಗಳು. ಇದನ್ನು ನೆನೆದಾಗ ಲೋಟ ಎತ್ತುವ ಕೈಗೆ ಒಂದಿಷ್ಟು ವಿನಯ ಬರುತ್ತದೆ.

ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಈಗ ಮುಂಬಯಿಯ ಕಾಲೇಜು ಲ್ಯಾಬುಗಳಲ್ಲಿ ಹೆಚ್ಚಾಗಿ ಮಾಡುವ ಪರೀಕ್ಷೆಯ ಹೆಸರು ಡಿಪಿಪಿಎಚ್. ಆಲ್ಕೊಹಾಲ್‌ನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ ಕೊಡುವ, ತಾನೇ ಒಂದು ರ‍್ಯಾಡಿಕಲ್ ಆಗಿದ್ದೂ ಬಾಟಲಿಯಲ್ಲಿ ಸುಮ್ಮನೆ ಕೂರಬಲ್ಲ ಅಪರೂಪದ ರಾಸಾಯನಿಕ ಅದು. ಗಿಡದ ಸಾರ ಹಾಕಿ ಅರ್ಧ ಗಂಟೆ ಕತ್ತಲಲ್ಲಿಟ್ಟರೆ ನೇರಳೆ ಮಾಸಿ ಹಳದಿಗೆ ಇಳಿಯುತ್ತದೆ. ಎಷ್ಟು ಮಾಸಿತೆಂದು ಯಂತ್ರ 517 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತದೆ. ಪುನರ್ಪುಳಿಯಲ್ಲಿ ಇಲ್ಲೇ ಒಂದು ತೊಡಕಿದೆ. ಅದರ ಕೆಂಪು ಕೂಡ ಹೀರುವುದು ಹೆಚ್ಚುಕಡಿಮೆ ಅದೇ ಬೆಳಕನ್ನು. ಸಾರ ಮಾತ್ರ ಇರುವ, ಡಿಪಿಪಿಎಚ್ ಇಲ್ಲದ ಇನ್ನೊಂದು ನಳಿಕೆ ಇಟ್ಟು ಆ ಪಾಲನ್ನು ಕಳೆಯದಿದ್ದರೆ ಪುನರ್ಪುಳಿ ತನ್ನ ನಿಜವಾದ ಶಕ್ತಿಗಿಂತ ಬಡವಾಗಿ ಕಾಣುತ್ತದೆ. ಅಳೆಯಹೊರಟ ವಸ್ತುವಿನ ಬಣ್ಣವೇ ಅಳತೆಗೆ ಅಡ್ಡ ಬರುವುದನ್ನು ಹುಡುಗರು ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ಯಂತ್ರ ಕೊಟ್ಟ ಅಂಕಿಯನ್ನು ಕಣ್ಣು ಮುಚ್ಚಿ ಬರೆದುಕೊಳ್ಳುವುದಿಲ್ಲ.

ಅಣುಗಳನ್ನು ಗುರುತಿಸುವುದರಲ್ಲೂ ಇಂಥದೇ ತಾಳ್ಮೆ ಬೇಕು. ಎಚ್‌ಪಿಎಲ್‌ಸಿ ಯಂತ್ರದ ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಟ್ಟ ವಸ್ತುಗಳು ಒಂದೊಂದಾಗಿ ಹೊರಬಂದು ಪರದೆಯ ಮೇಲೆ ಒಂದೊಂದು ಶಿಖರ ಬರೆಯುತ್ತವೆ. ಶುದ್ಧ ಗಾರ್ಸಿನಾಲ್ ಎಷ್ಟು ನಿಮಿಷಕ್ಕೆ ಹೊರಬರುತ್ತದೋ ಅಷ್ಟೇ ನಿಮಿಷಕ್ಕೆ ಬಂದ ಶಿಖರ ಗಾರ್ಸಿನಾಲ್ ಇರಬಹುದು. ಇರಬಹುದು, ಅಷ್ಟೇ. ಅಣುವಿನ ತೂಕ ಹೊಂದಬೇಕು, ಎನ್‌ಎಂಆರ್‌ನಲ್ಲಿ ಅದರ ಒಳಗಟ್ಟು ಹೊಂದಬೇಕು, ಆಮೇಲೆ ಹೆಸರು. ಕಂಪ್ಯೂಟರಿನ ಸಂಗ್ರಹ ಸೂಚಿಸಿದ ಹೆಸರುಗಳನ್ನು ಹಾಗೇ ಇಳಿಸಿಕೊಂಡು ‘ಈ ಗಿಡದಲ್ಲಿ ಇಷ್ಟು ವಸ್ತು ಕಂಡೆವು’ ಎಂದು ಬರೆಯುವ ಪ್ರಬಂಧಗಳು ಈಚೆಗೆ ಬಹಳ. ಸೂಚನೆ ಗುರುತಲ್ಲ. ಮೈಸೂರಿನವರು 1965ರಲ್ಲಿ ಪುಸ್ತಕದ ಮಾತನ್ನು ಹಾಗೇ ಒಪ್ಪಿಕೊಂಡಿದ್ದರೆ ಆ ಆಮ್ಲ ಇನ್ನೆಷ್ಟು ಕಾಲ ಸಿಟ್ರಿಕ್ ಎಂಬ ಹೆಸರಿನಲ್ಲೇ ಇರುತ್ತಿತ್ತೋ.

ನಳಿಕೆಯಿಂದ ಮೈಗೆ ಬರುವ ದಾರಿ ಇನ್ನೂ ಉದ್ದ. ನೆನೆಸಿದ ನೀರಿನ ಆಂಥೋಸಯನಿನ್ ಹೊಟ್ಟೆಗೆ ಹೋದ ಮೇಲೆ ಬಹಳ ಸಣ್ಣ ಪಾಲು ಮಾತ್ರ ಇದ್ದ ರೂಪದಲ್ಲೇ ರಕ್ತ ಸೇರುತ್ತದೆ. ಉಳಿದದ್ದನ್ನು ಕರುಳಿನ ಸೂಕ್ಷ್ಮಜೀವಿಗಳೂ ಪಿತ್ತಜನಕಾಂಗವೂ ಬೇರೇನೋ ಮಾಡಿಬಿಡುತ್ತವೆ. ಇನ್ನು ಫ್ರೀ ರ‍್ಯಾಡಿಕಲ್‌ಗಳೆಲ್ಲ ಶತ್ರುಗಳೂ ಅಲ್ಲ. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಅದನ್ನು ಕೊಲ್ಲುವುದು ಇವುಗಳಿಂದಲೇ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1994ರಲ್ಲಿ ಹೊರಬಂತು. ಆಂಟಿಆಕ್ಸಿಡೆಂಟ್ ಎಂದು ಬೀಟಾ ಕೆರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು, ಕಡಿಮೆಯಲ್ಲ. ಯಾವ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಎಂಬ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಕಂಪನಿಗಳು ಆ ಅಂಕಿಗಳನ್ನು ಜಾಹೀರಾತಿಗೆ ಎಳೆದಾಡುತ್ತಿದ್ದವು. ಉಪ್ಪಾಗೆಯ ಆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ತೂಕ ಇಳಿಸುವ ಗುಳಿಗೆ ಮಾಡಿ ಲೋಕವೆಲ್ಲ ಮಾರಿದರು. 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ನಿಜವಾದ ಗುಳಿಗೆ ತಿಂದವರಿಗೆ ಸುಳ್ಳು ಗುಳಿಗೆ ತಿಂದವರಿಗಿಂತ ಹೆಚ್ಚಿನ ಲಾಭ ಆಗಿರಲಿಲ್ಲ. ಇದರಿಂದ ಮೈಸೂರಿನ ಕೆಲಸವಾಗಲಿ ಟ್ರಾಂಬೆಯ ಕೆಲಸವಾಗಲಿ ಕಿರಿದಾಗುವುದಿಲ್ಲ. ಒಂದು ಕಡೆಯವರು ‘ಇದು ಇಂಥ ಆಮ್ಲ’ ಎಂದಿದ್ದರು, ಇನ್ನೊಂದು ಕಡೆಯವರು ‘ನಳಿಕೆಯಲ್ಲಿ ಇಷ್ಟು ತಡೆಯುತ್ತದೆ’ ಎಂದಿದ್ದರು. ಅವರು ಹೇಳದ್ದನ್ನು ಲೇಬಲ್ಲುಗಳು ಹೇಳಿದವು.

ಮೊನ್ನೆ ಪಕ್ಕದ ಮನೆಯ ಅಕ್ಕ ಒಂದು ಸಿರಪ್ಪಿನ ಬಾಟಲಿ ಹಿಡಿದುಕೊಂಡು ಬಂದರು. ಬಂಟ್ವಾಳದ ಕಡೆಯವರು; ಮದುವೆಯಾಗಿ ಮುಂಬಯಿಗೆ ಬಂದು ಬಹಳ ವರ್ಷವಾದರೂ ಮಾತು ಊರಿನದೇ.

‘ಇದ್ರಲ್ಲಿ ಆಂಟಿಆಕ್ಸಿಡೆಂಟ್ ಉಂಟಂತೆ ಮಾಷ್ಟ್ರೇ. ನನ್ನ ಶುಗರಿಗೆ ಒಳ್ಳೇದಲ್ವಾ?’

ಇಬ್ಬರೂ ಕೂತು ಬಾಟಲಿಯ ಹಿಂಬದಿ ಓದಿದೆವು. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲಿದ್ದದ್ದು ಸಕ್ಕರೆ.

‘ಅಯ್ಯೋ! ಹಾಗಾದ್ರೆ ಊರಿಂದ ತಂದ ಸಿಪ್ಪೆ ಹಾಕಿ ಸಾರು ಮಾಡುದೇ ಒಳ್ಳೇದಾ?’

‘ಮಾಡಿ ಅಕ್ಕ. ಅದ್ರಲ್ಲಿ ಉಪ್ಪು ಜಾಸ್ತಿ ಇರ್ತದೆ, ನಿಮಗೆ ಬಿಪಿ ಬೇರೆ ಉಂಟಲ್ಲ, ಒಮ್ಮೆ ತೊಳೆದು ಹಾಕಿ. ಮಾತ್ರೆ ಮಾತ್ರ ಬಿಡ್ಬೇಡಿ.’

‘ಮಾತ್ರೆ ಬಿಡುದಿಲ್ಲ. ಆದ್ರೆ ಇದು ಕುಡಿದ್ರೆ ಉಷ್ಣಕ್ಕೆ ಹಿತ ಆಗ್ತದೆ, ಅದು ಸುಳ್ಳಲ್ಲ.’

ಅದು ಸುಳ್ಳೆಂದು ನಾನೂ ಹೇಳಲಿಲ್ಲ. ನಾಲಿಗೆಗೆ, ಬಾಯಾರಿದ ಗಂಟಲಿಗೆ ಆಗುವ ಹಿತಕ್ಕೆ ಲ್ಯಾಬಿನ ಒಪ್ಪಿಗೆ ಬೇಕಿಲ್ಲ. ಇಂಥ ಲ್ಯಾಬುಗಳಿಲ್ಲದ ಕಾಲದಲ್ಲೂ ಈ ಹಣ್ಣನ್ನು ನೋಡಿ ಬರೆದವನೊಬ್ಬನಿದ್ದ. 1534ರಲ್ಲಿ ಪೋರ್ಚುಗಲ್‌ನಿಂದ ಗೋವಾಕ್ಕೆ ಬಂದ ವೈದ್ಯ ಗಾರ್ಸಿಯಾ ದ ಒರ್ತಾ ಮುಂಬಯಿ ದ್ವೀಪವನ್ನೇ ಗೇಣಿಗೆ ಪಡೆದಿದ್ದವನು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಹಣ್ಣಿನ ಪ್ರಸ್ತಾಪ ಬರುತ್ತದೆ: ಒಳಗೆಲ್ಲ ಕೆಂಪು, ಬಹಳ ಹುಳಿ, ಬಣ್ಣ ಹಾಕುವವರಿಗೆ ಉಪಯುಕ್ತ. ಹಣ್ಣನ್ನು ಕಂಡದ್ದು ಕಂಡಷ್ಟೇ ಬರೆದದ್ದು. ಅಂಥ ಬರವಣಿಗೆಗೆ ನಾಲ್ಕೂವರೆ ಶತಮಾನ ಕಳೆದರೂ ಬಾಳಿಕೆ ಇದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಉಪನಗರದ ಕಾಲೇಜೊಂದರಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಮನೆಮಾತು ಮರಾಠಿ, ಊರು ಸಿಂಧುದುರ್ಗ. ಪ್ರಾಜೆಕ್ಟಿಗೆ ಯಾವ ಗಿಡ ಹಿಡಿಯಲಿ ಎಂದು ಕೇಳಲು ಬಂದವಳ ಮುಂದೆ ಅವಳ ಮನೆಯ ಸೋಲ್‌ಕಢಿಯ ಮಾತೇ ಬಂತು. ಗಾರ್ಸಿನಾಲ್ ನೀರಿಗೆ ಇಳಿಯುವುದಿಲ್ಲ, ಕೊಬ್ಬಿಗೆ ಇಳಿಯುತ್ತದೆ. ತೆಂಗಿನ ಹಾಲಿನಲ್ಲಿ ಕೊಬ್ಬಿದೆ. ಹಾಗಾದರೆ ಅವಳ ಆಯಿ ಮಾಡುವಂತೆ ಸಿಪ್ಪೆಯನ್ನು ತೆಂಗಿನ ಹಾಲಿನಲ್ಲೇ ಕಿವುಚಿದಾಗ ಎಷ್ಟು ಗಾರ್ಸಿನಾಲ್ ಲೋಟಕ್ಕೆ ಬರುತ್ತದೆ? ಬರೀ ನೀರಿನಲ್ಲಿ ಕಿವುಚಿದರೆ ಎಷ್ಟು? ಪ್ರಶ್ನೆ ಚಿಕ್ಕದು, ಅಳೆಯಬಹುದಾದದ್ದು. ಅವಳೀಗ ಈ ಹಂಗಾಮಿನ ಹಣ್ಣನ್ನು ಒಂದೇ ಮರದಿಂದ ಕಿತ್ತು, ರೆಂಬೆಯನ್ನು ಹರ್ಬೇರಿಯಂಗೆ ಒಯ್ಯಲು ಒತ್ತಿಟ್ಟಿದ್ದಾಳೆ. ಮಳೆ ಹಿಡಿಯುವುದರೊಳಗೆ ಸಿಪ್ಪೆ ಒಣಗಬೇಕು. ತೆಂಗಿನ ಹಾಲಿನ ಕೊಬ್ಬು ಹಾಗೇ ಕಾಲಂಗೆ ಹೋದರೆ ಕಾಲಂ ಕಟ್ಟಿಕೊಳ್ಳುತ್ತದೆ, ಹಾಗಾಗಿ ಗಾರ್ಸಿನಾಲ್ ಕೈ ತಪ್ಪದಂತೆ ಕೊಬ್ಬನ್ನು ಬೇರ್ಪಡಿಸುವ ದಾರಿ ಮೊದಲು ಹುಡುಕಬೇಕು. ಈ ವಾರ ಅವಳು ಆ ಕೆಲಸದಲ್ಲಿದ್ದಾಳೆ.